ಮಾಡಿದ್ದುಣ್ಣೋ ಮಹಾರಾಯ, ಬ್ಯಾಕಪ್ ಇಟ್ಟುಕೊಂಡು

ಗೇಮ್ ಕನ್ಸೋಲ್‌ಗಳನ್ನು ತಿದ್ದಿ, ಕಂಪನಿ ಕೊಡದೇ ಇರೋ ಸಾಫ್ಟ್‌ವೇರ್ ಹಾಕಿಕೊಂಡು ಆಡುವ ಜನರ ನಡುವೆ ಒಂದು ನಿಯಮ ಇದೆ. ಸಿಸ್ಟಂ ಅಪ್ಡೇಟ್ ಬಂತಾ? ಮೊದಲು ಬ್ಯಾಕಪ್, ಮಿಕ್ಕಿದ್ದೆಲ್ಲ ಆಮೇಲೆ. ಇವರು ಬೇರೆ ಯಾವ ವಿಷಯದಲ್ಲೂ ಒಮ್ಮತಕ್ಕೆ ಬರುವವರಲ್ಲ. ಯಾವ ಬೂಟ್‌ಲೋಡರ್ ಒಳ್ಳೇದು, ಯಾವ ಮೆಮೊರಿ ಕಾರ್ಡ್ ಕೈಕೊಡಲ್ಲ ಅಂತ ಹಗಲೂ ರಾತ್ರಿ ಕಿತ್ತಾಡುತ್ತಾರೆ. ಆದರೆ ಬ್ಯಾಕಪ್ ಮಾತು ಬಂದರೆ ಎಲ್ಲರದ್ದೂ ಒಂದೇ ರಾಗ.

ಗೊತ್ತಿಲ್ಲದವರಿಗೆ ಸ್ವಲ್ಪದರಲ್ಲಿ ಹೇಳಿಬಿಡ್ತೀನಿ. 2017ರಲ್ಲಿ ಬಂದ ನಿಂಟೆಂಡೊ ಸ್ವಿಚ್ ತಗೊಳ್ಳಿ. ಅದರೊಳಗೆ 32 ಜಿಬಿಯ ಒಂದು ಮೆಮೊರಿ ಚಿಪ್ ಇದೆ. ಆಪರೇಟಿಂಗ್ ಸಿಸ್ಟಂ, ನಿಮ್ಮ ಅಕೌಂಟಿನ ವಿವರ, ನೀವು ಆಡಿದ ಆಟಗಳ ಸೇವ್ ಫೈಲ್ ಎಲ್ಲ ಇರೋದು ಅಲ್ಲೇ. ಹೆಕಾಟೆ ಅನ್ನೋ ಪುಟ್ಟ ಪ್ರೋಗ್ರಾಂ ಒಂದಿದೆ. ಕನ್ಸೋಲ್‌ನ ಸ್ವಂತ ಸಿಸ್ಟಂ ಎದ್ದೇಳುವ ಮುಂಚೆಯೇ ಇದನ್ನು ಓಡಿಸಿ, ಆ ಚಿಪ್‌ನಲ್ಲಿರುವ ಅಷ್ಟನ್ನೂ ಒಂದು ಬಿಟ್ ಬಿಡದ ಹಾಗೆ ಮೆಮೊರಿ ಕಾರ್ಡಿಗೆ ಇಳಿಸಬಹುದು. ಕಾರ್ಡ್ ಫ್ಯಾಟ್32 ಆಗಿದ್ದರೆ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ, ಹಾಗಾಗಿ ತುಂಡು ತುಂಡಾಗಿ ಇಳಿಯತ್ತೆ. ಜೊತೆಗೆ ಆ ಕನ್ಸೋಲ್‌ಗೆ ಮಾತ್ರ ಸೇರಿದ ಕೀಗಳನ್ನೂ ತೆಗೆದಿಟ್ಟುಕೊಳ್ಳಬೇಕು. ಆಮೇಲೆ ಎಲ್ಲವನ್ನೂ ಲ್ಯಾಪ್‌ಟಾಪಿಗೆ ಒಂದು ಸಲ, ಬೇರೆ ಹಾರ್ಡ್‌ಡಿಸ್ಕಿಗೆ ಇನ್ನೊಂದು ಸಲ ಕಾಪಿ ಮಾಡಬೇಕು. ಕಾರ್ಡ್ ನಿಧಾನದ್ದಾದರೆ ಹೊರಗೆ ಹೋಗಿ ಕಾಫಿ ಕುಡಿದು ಬಂದರೂ ಮುಗಿದಿರಲ್ಲ. ಬೇಜಾರಿನ ಕೆಲಸ. ಆದರೆ ಅಪ್ಡೇಟ್ ನಡುವೆ ಏನೋ ಕೆಟ್ಟು ಪರದೆ ಕಪ್ಪಾಗಿ ನಿಂತರೆ, ಆ ಸ್ಥಿತಿಯಿಂದ ವಾಪಸ್ ಬರಲು ಇರೋದು ಬಹುಮಟ್ಟಿಗೆ ಇದೊಂದೇ ದಾರಿ.

ಆಫೀಸಿನ ಊಟದ ಟೇಬಲ್‌ನಲ್ಲಿ ಒಮ್ಮೆ ಈ ಮಾತು ಬಂದಾಗ ಸಹೋದ್ಯೋಗಿ ಒಬ್ಬ ನಕ್ಕುಬಿಟ್ಟ. "ಗುರೂ, ಕನ್ನ ಹಾಕೋಕೆ ಹೋಗೋನು ಸೊಂಟಕ್ಕೆ ಹಗ್ಗ ಕಟ್ಕೊಂಡು ಹೋದ ಹಾಗಾಯ್ತು. ಮಾಡೋದು ಕಳ್ಳ ಕೆಲಸ, ಅದಕ್ಕೊಂದು ಇನ್ಶೂರೆನ್ಸ್ ಬೇರೆ!"

ತಮಾಷೆಗೆ ಹೇಳಿದ್ದು. ಆದರೆ ಅದರೊಳಗೆ ಒಂದು ಗಟ್ಟಿ ಪ್ರಶ್ನೆ ಇದೆ. ಕಂಪನಿ ತಿದ್ದಬೇಡಿ ಅಂತ ಹೇಳಿತ್ತು. ನೀವು ತಿದ್ದಿದಿರಿ. ಈಗ ಅಪ್ಡೇಟ್ ಹಾಕಿ ಯಂತ್ರ ಸತ್ತರೆ ಅದು ನೀವೇ ತಂದುಕೊಂಡದ್ದು. ನಮ್ಮ ಕಡೆ ಇದಕ್ಕೆ ಎರಡು ಪದದ ತೀರ್ಪು ಇದೆ: ಮಾಡಿದ್ದುಣ್ಣೋ ಮಹಾರಾಯ. ಪರಿಣಾಮ ಉಣ್ಣದೇ ಪಾರಾಗಲು ಮೊದಲೇ ದಾರಿ ಮಾಡಿಕೊಳ್ಳೋದು ಒಂಥರಾ ಮೋಸ ಅಲ್ವಾ? ಹಿಂದಕ್ಕೆ ಬರುವ ದಾರಿ ಇಟ್ಟುಕೊಂಡು ಮುಂದಕ್ಕೆ ಹೋಗುವವನು ಹೊಣೆ ಹೊರುತ್ತಿದ್ದಾನಾ, ಹೊಣೆಯಿಂದ ತಪ್ಪಿಸಿಕೊಳ್ಳುತ್ತಿದ್ದಾನಾ?

ಪ್ರಶ್ನೆ ಕನ್ಸೋಲ್‌ಗಿಂತ ದೊಡ್ಡದು. ಆದರೆ ಕನ್ಸೋಲ್‌ನಲ್ಲಿ ಅದು ತುಂಬ ಸ್ಪಷ್ಟವಾಗಿ ಕಾಣತ್ತೆ. ಹಾಗಾಗಿ ಅಲ್ಲೇ ನಿಂತು ನೋಡೋಣ.

ಗಾದೆಯ ಅರ್ಥದಿಂದಲೇ ಶುರು ಮಾಡೋಣ. ಮಾಡಿದ್ದುಣ್ಣೋದು ಅಂದರೆ ಎರಡು ಥರ ತಿಳಿಯಬಹುದು. ಒಂದು, ಮಾಡಿದ ತಪ್ಪಿಗೆ ನರಳೋದು. ಇನ್ನೊಂದು, ಮಾಡಿದ ಕೆಲಸದ ಭಾರ ತಾನೇ ಹೊರೋದು. ನಾವು ಗಾದೆ ಬಳಸೋದು ಹೆಚ್ಚಾಗಿ ಮೊದಲನೇ ಅರ್ಥದಲ್ಲಿ, ಅದೂ ಪಕ್ಕದವನಿಗೆ ಏಟು ಬಿದ್ದಾಗ. ಆದರೆ ನೀತಿಯ ದೃಷ್ಟಿಯಿಂದ ಮುಖ್ಯವಾದದ್ದು ಎರಡನೆಯದು. ನರಳುವುದರಿಂದ ಯಾರಿಗೂ ಏನೂ ಸಿಗಲ್ಲ.

ಈಗ ಬ್ಯಾಕಪ್ ಇಲ್ಲದವನನ್ನು ನೋಡಿ. ಕನ್ಸೋಲ್ ತಿದ್ದಿದ್ದಾನೆ, ಅಪ್ಡೇಟ್ ಹಾಕಿದ್ದಾನೆ, ಯಂತ್ರ ಏಳುತ್ತಿಲ್ಲ. ಅವನು ಮುಂದೇನು ಮಾಡ್ತಾನೆ? ವಾರಂಟಿ ಇದ್ದರೆ ಸೀದಾ ಸರ್ವಿಸ್ ಸೆಂಟರ್‌ಗೆ ಹೋಗಿ, ಮುಖ ಮುಗ್ಧವಾಗಿ ಇಟ್ಟುಕೊಂಡು, "ಸಾರ್, ನಾನೇನೂ ಮಾಡಿಲ್ಲ, ಅಪ್ಡೇಟ್ ಹಾಕ್ದೆ, ತಾನಾಗೇ ಆಫ್ ಆಯ್ತು" ಅಂತಾನೆ. ಹೊಸ ಯಂತ್ರ ಸಿಕ್ಕರೆ ಖರ್ಚು ಕಂಪನಿಯದ್ದು, ಕೊನೆಗೆ ಬೇರೆ ಗ್ರಾಹಕರದ್ದು. ಇಲ್ಲಾ, ಅರ್ಧ ಬೆಲೆಗೆ ‘ಚಿಕ್ಕ ಪ್ರಾಬ್ಲಂ ಇದೆ’ ಅಂತ ಯಾರಿಗೋ ದಾಟಿಸ್ತಾನೆ. ಅಂದರೆ ಮಾಡಿದವನು ಇವನು, ಉಣ್ಣುವವನು ಇನ್ನೊಬ್ಬ.

ಬ್ಯಾಕಪ್ ಇಟ್ಟುಕೊಂಡವನಿಗೆ ಸುಳ್ಳು ಹೇಳುವ ಅಗತ್ಯವೇ ಬೀಳಲ್ಲ. ಯಂತ್ರ ಕೆಟ್ಟರೆ ರಾತ್ರಿ ಕೂತು ತಾನೇ ಸರಿ ಮಾಡಿಕೊಳ್ತಾನೆ. ಕಂಪನಿಯ ಕೌಂಟರಿಗೆ ಹೋಗಲ್ಲ, ಯಾರ ತಲೆಗೂ ಕಟ್ಟಲ್ಲ. ಬಿಸಾಡುವ ಎಲೆಕ್ಟ್ರಾನಿಕ್ ಕಸದ ರಾಶಿಗೆ ಇನ್ನೊಂದು ಡಬ್ಬ ಸೇರಿಸಲ್ಲ. ಹಾಗೆ ನೋಡಿದರೆ ಬ್ಯಾಕಪ್ ಅನ್ನೋದು ಪರಿಣಾಮದಿಂದ ತಪ್ಪಿಸಿಕೊಳ್ಳುವ ಉಪಾಯ ಅಲ್ಲ, ಪರಿಣಾಮವನ್ನು ತನ್ನ ಮನೆಯೊಳಗೇ ಇಟ್ಟುಕೊಳ್ಳುವ ಏರ್ಪಾಡು. ಪ್ರಾಮಾಣಿಕನಾಗಿರೋಕೆ ಬರೀ ಒಳ್ಳೇ ಮನಸ್ಸು ಸಾಲಲ್ಲ, ಕೆಲವೊಮ್ಮೆ 32 ಜಿಬಿ ಜಾಗವೂ ಬೇಕು.

ಇದು ಗಾದೆಯ ಎರಡನೇ ಅರ್ಧದ ಕಥೆ. ಮೊದಲರ್ಧದಲ್ಲೂ ಒಂದು ತೊಡಕಿದೆ. ‘ಮಾಡಿದ್ದು’ ಅಂದಾಗ ಮಾಡಿದವರು ಯಾರು?

ಪ್ಲೇಸ್ಟೇಷನ್ 3ರ ಕಥೆ ಇಲ್ಲಿ ಹೇಳಲೇಬೇಕು. 2006ರ ನವೆಂಬರ್‌ನಲ್ಲಿ ಸೋನಿ ಅದನ್ನು ಮಾರುಕಟ್ಟೆಗೆ ತಂದಾಗ ಅದರ ಮೆನುವಿನಲ್ಲೇ ಇನ್ನೊಂದು ಆಪರೇಟಿಂಗ್ ಸಿಸ್ಟಂ ಹಾಕಿಕೊಳ್ಳುವ ಸೌಲಭ್ಯ ಇತ್ತು. ‘ಅದರ್ ಓಎಸ್’ ಅಂತ ಹೆಸರು. ಯಾವ ಕಳ್ಳದಾರಿಯೂ ಅಲ್ಲ, ಕಂಪನಿಯೇ ಕೊಟ್ಟಿದ್ದು. ಜನ ಲಿನಕ್ಸ್ ಹಾಕಿಕೊಂಡರು. ಅದರ ಸೆಲ್ ಪ್ರೊಸೆಸರ್ ಲೆಕ್ಕ ಮಾಡುವುದರಲ್ಲಿ ಎಷ್ಟು ಚುರುಕಾಗಿತ್ತು ಅಂದರೆ ಅಮೆರಿಕದ ವಾಯುಪಡೆಯ ಸಂಶೋಧನಾಲಯ 1,700ಕ್ಕೂ ಹೆಚ್ಚು ಪ್ಲೇಸ್ಟೇಷನ್‌ಗಳನ್ನು ಜೋಡಿಸಿ ಕಾಂಡೋರ್ ಅನ್ನೋ ಸೂಪರ್ ಕಂಪ್ಯೂಟರನ್ನೇ ಕಟ್ಟಿತು.

2010ರ ಏಪ್ರಿಲ್ 1ರಂದು 3.21 ಅನ್ನೋ ಫರ್ಮ್‌ವೇರ್ ಬಂತು. ತಾರೀಖು ನೋಡಿ ಏಪ್ರಿಲ್ ಫೂಲ್ ಅಂದುಕೊಳ್ಳಬೇಡಿ, ನಿಜವಾದ ಅಪ್ಡೇಟ್. ಅದು ಮಾಡಿದ ಮುಖ್ಯ ಕೆಲಸ ಅದರ್ ಓಎಸ್ ಸೌಲಭ್ಯವನ್ನು ತೆಗೆದುಹಾಕಿದ್ದು. ಕಾರಣ, ಭದ್ರತೆ. ಬೇಡ ಅನ್ನುವವರು ಅಪ್ಡೇಟ್ ಹಾಕದೇ ಇರಬಹುದಿತ್ತು. ಆದರೆ ಹಾಗೆ ಮಾಡಿದರೆ ಪ್ಲೇಸ್ಟೇಷನ್ ನೆಟ್‌ವರ್ಕ್‌ಗೆ ಲಾಗಿನ್ ಆಗೋ ಹಾಗಿಲ್ಲ, ಆನ್‌ಲೈನ್ ಆಟ ಇಲ್ಲ, ಹೊಸ ಫರ್ಮ್‌ವೇರ್ ಕೇಳುವ ಹೊಸ ಆಟಗಳೂ ಓಡಲ್ಲ. ಅಂಗಡಿಯಲ್ಲಿ ದುಡ್ಡು ಕೊಟ್ಟಾಗ ಎರಡೂ ಇತ್ತು. ಮೂರೂವರೆ ವರ್ಷ ಆದಮೇಲೆ ಯಾವುದಾದರೂ ಒಂದು ಇಟ್ಟುಕೋ, ಇನ್ನೊಂದು ವಾಪಸ್ ಕೊಡು ಅಂದರು. ಅಮೆರಿಕದಲ್ಲಿ ಗ್ರಾಹಕರು ಕೋರ್ಟಿಗೆ ಹೋದರು. ಜಗ್ಗಾಡಿ ಜಗ್ಗಾಡಿ 2018ರಲ್ಲಿ 37.5 ಲಕ್ಷ ಡಾಲರ್‌ಗೆ ರಾಜಿ ಆಯ್ತು. ಅಷ್ಟೊತ್ತಿಗೆ ಪ್ಲೇಸ್ಟೇಷನ್ 4 ಬಂದೇ ಐದು ವರ್ಷ ಆಗುತ್ತಾ ಬಂದಿತ್ತು.

ಇನ್ನೊಂದು ಉದಾಹರಣೆ 2009ರದ್ದು. ನಿಂಟೆಂಡೊ ವೀ ಕನ್ಸೋಲ್‌ಗೆ ಸೆಪ್ಟೆಂಬರ್ ಕೊನೆಯಲ್ಲಿ 4.2 ಅಪ್ಡೇಟ್ ಬಂತು. ಮುಖ್ಯ ಗುರಿ, ತಿದ್ದಿದವರನ್ನು ಹೊರಗೆ ಹಾಕೋದು. ಅದಕ್ಕಾಗಿ ಯಂತ್ರ ಎದ್ದೇಳುವ ಮೊದಲ ಹಂತಗಳಲ್ಲಿ ಒಂದಾದ ಬೂಟ್2 ಅನ್ನೋ ಭಾಗವನ್ನೇ ಹೊಸದಾಗಿ ಬರೆಯಿತು. ಆ ಜಾಗದಲ್ಲಿ ಬರೆಯುವಾಗ ಎಡವಿದರೆ ಯಂತ್ರ ಮತ್ತೆ ಏಳಲ್ಲ. ಕೆಲವು ಯಂತ್ರಗಳು ಹಾಗೇ ಹೋದವು. ಅವುಗಳಲ್ಲಿ ಯಾರೂ ಸ್ಕ್ರೂ ಡ್ರೈವರ್ ಆಗಲಿ ಬೇರೆ ಸಾಫ್ಟ್‌ವೇರ್ ಆಗಲಿ ಮುಟ್ಟಿಸದೇ ಇದ್ದವೂ ಇದ್ದವು. ಕಂಪನಿ ಹೇಳಿದ ಹಾಗೆ ಕೇಳಿಕೊಂಡು, ಅಪ್ಡೇಟ್ ಬಂದಾಗ ಓಕೆ ಒತ್ತಿದವರ ಯಂತ್ರಗಳು ಅವು.

ಇವರು ಏನು ‘ಮಾಡಿದ್ದು’? ಇವರಿಗೆ ಪೂರ್ತಿ ಯಂತ್ರದ ಬ್ಯಾಕಪ್ ತೆಗೆಯುವ ಸೌಲಭ್ಯವನ್ನು ಕಂಪನಿ ಕೊಟ್ಟೇ ಇರಲಿಲ್ಲ. ವೀ ಕನ್ಸೋಲ್‌ನ 512 ಎಂಬಿ ಮೆಮೊರಿಯನ್ನು ಇಡಿಯಾಗಿ ತೆಗೆದಿಡುವ ಬೂಟ್‌ಮೀ ಅನ್ನೋ ಸಾಧನ ಬರೆದವರು ಆ ತಿದ್ದುವ ಗುಂಪಿನವರೇ. ವಿಚಿತ್ರ ನೋಡಿ. ನಿಯಮ ಪಾಲಿಸಿದವನ ಕೈ ಖಾಲಿ, ನಿಯಮ ಮುರಿದವನ ಕೈಯಲ್ಲಿ ಕಾಪಿ. ನಮ್ಮ ಟೇಬಲ್‌ನ ಗೆಳೆಯ ಹೇಳಿದ ಹಗ್ಗ ಕಳ್ಳನಿಗೆ ಮಾತ್ರ ಸಿಗುವ ಹಾಗೆ ಮಾಡಿಟ್ಟವರು ಯಾರು ಅಂತ ಕೇಳಬೇಕಾಗತ್ತೆ.

ಈಗ ಮಾತು ನಮ್ಮ ಕಡೆಗೇ ತಿರುಗತ್ತೆ. ‘ನಮ್ಮ’ ಅಂದರೆ ಈ ಪುಸ್ತಕ ಓದುವ ಅರ್ಧ ಜನ ಮಾಡುವ ಕೆಲಸದ ಕಡೆಗೆ. ನಾವು ಅಪ್ಡೇಟ್ ಹಾಕಿಸಿಕೊಳ್ಳುವವರಷ್ಟೇ ಅಲ್ಲ, ಕಳಿಸುವವರು ಕೂಡ.

ಯಾವ ಕಂಪನಿಯ ರಿಲೀಸ್ ಮೀಟಿಂಗಿಗಾದರೂ ಹೋಗಿ ಕೂತುಕೊಳ್ಳಿ. ಒಂದು ಪ್ರಶ್ನೆ ಬಂದೇ ಬರತ್ತೆ: "ರೋಲ್‌ಬ್ಯಾಕ್ ಪ್ಲಾನ್ ಏನು?" ಉತ್ತರ ಇಲ್ಲದಿದ್ದರೆ ರಿಲೀಸ್ ಇಲ್ಲ. ಡೇಟಾಬೇಸ್ ಮುಟ್ಟುವ ಮುಂಚೆ ಸ್ನ್ಯಾಪ್‌ಶಾಟ್ ತೆಗೀತೀವಿ. ಹಳೇ ವರ್ಷನ್ ಅಳಿಸದೇ ಪಕ್ಕದಲ್ಲಿ ಇಟ್ಟುಕೊಂಡು, ಹೊಸದನ್ನು ಮೊದಲು ನೂರಕ್ಕೆ ಒಬ್ಬಿಬ್ಬರು ಬಳಕೆದಾರರಿಗೆ ಬಿಟ್ಟು ನೋಡ್ತೀವಿ. ಶುಕ್ರವಾರ ಸಂಜೆ ಡಿಪ್ಲಾಯ್ ಮಾಡ್ತೀನಿ ಅಂದವನನ್ನು ಇಡೀ ಟೀಮ್ ದುರುಗುಟ್ಟಿಕೊಂಡು ನೋಡತ್ತೆ. ಇಷ್ಟೆಲ್ಲ ಯಾಕೆ? ನಮ್ಮ ಕೋಡ್ ಮೇಲೆ ನಮಗೇ ಪೂರ್ತಿ ನಂಬಿಕೆ ಇಲ್ಲ ಅಂತ. ಇದು ಅವಮಾನ ಅಲ್ಲ, ಕಸುಬಿನ ಶಿಸ್ತು. ಹತ್ತು ಸಲ ಟೆಸ್ಟ್ ಮಾಡಿದ್ದು ಹನ್ನೊಂದನೇ ಸಲ ಕೈಕೊಡಬಹುದು ಅಂತ ಬಲ್ಲವರ ವಿನಯ.

ಆದರೆ ಅದೇ ನಾವು, ಗ್ರಾಹಕರ ಕೈಯಲ್ಲಿರುವ ಫೋನು, ಟೀವಿ, ಕನ್ಸೋಲಿಗೆ ಅಪ್ಡೇಟ್ ಕಳಿಸುವಾಗ ವಾಪಸ್ ಹೋಗುವ ಬಾಗಿಲನ್ನು ಎಷ್ಟೋ ಸಲ ಹೊರಗಿನಿಂದ ಚಿಲಕ ಹಾಕಿ ಕಳಿಸ್ತೀವಿ. ನಮ್ಮ ಸರ್ವರ್‌ಗೆ ರೋಲ್‌ಬ್ಯಾಕ್ ಇಲ್ಲದೆ ಒಂದು ಹೆಜ್ಜೆ ಇಡಲ್ಲ. ಅವರ ಯಂತ್ರಕ್ಕೆ ಮಾತ್ರ ಅದು ಬೇಕಿಲ್ಲ. ನಮಗೆ ನಮ್ಮ ಮೇಲೆ ಇಲ್ಲದ ನಂಬಿಕೆಯನ್ನು ಅವರು ನಮ್ಮ ಮೇಲೆ ಇಡಬೇಕು! ಕನ್ಸೋಲ್ ತಿದ್ದಿದವನು ಅಪ್ಡೇಟ್‌ಗೆ ಮುಂಚೆ ತೆಗೆಯುವ ಬ್ಯಾಕಪ್ ಬೇರೇನೂ ಅಲ್ಲ. ನಾವು ದಿನಾ ಆಫೀಸಲ್ಲಿ ಮಾಡುವುದನ್ನೇ ಅವನು ಮನೆಯಲ್ಲಿ ಮಾಡುತ್ತಿದ್ದಾನೆ. ನಾವು ಮಾಡಿದರೆ ಎಂಜಿನಿಯರಿಂಗ್, ಅವನು ಮಾಡಿದರೆ ಕನ್ನ ಹಾಕುವವನ ಹಗ್ಗ.

ಒಪ್ಪಿಗೆ ಅನ್ನೋದರ ಬೇರು ಇಲ್ಲೇ ಇದೆ ಅನ್ನಿಸತ್ತೆ ನನಗೆ. ಬಾಗಿಲು ತೆರೆದಿದ್ದೂ ಒಬ್ಬ ಮನೆಯೊಳಗೆ ಇದ್ದಾನೆ ಅಂದರೆ ಅವನಿಗೆ ಇರೋ ಇಷ್ಟ ಇದೆ ಅಂತ ಅರ್ಥ. ಹೊರಗಿನಿಂದ ಚಿಲಕ ಹಾಕಿದ್ದರೆ ಅವನು ಒಳಗಿರುವುದರಿಂದ ಏನೂ ಗೊತ್ತಾಗಲ್ಲ. ‘ಒಪ್ಪಿದ್ದೇನೆ’ ಅನ್ನೋ ಗುಂಡಿಯೂ ಹಾಗೇ. ಬೇಡ ಅಂದರೆ ವಾಪಸ್ ಬರಬಹುದು ಅನ್ನೋ ಸ್ಥಿತಿಯಲ್ಲಿ ಒತ್ತಿದ್ದು ಒಪ್ಪಿಗೆ. ಮಿಕ್ಕಿದ್ದು ಬರೀ ಗುಂಡಿ. ಬ್ಯಾಕಪ್ ಇರುವವನು ಅಪ್ಡೇಟ್ ಹಾಕಿಕೊಂಡರೆ ಅದು ಕಂಪನಿಗೆ ಸಿಗುವ ಹೆಚ್ಚು ಪ್ರಾಮಾಣಿಕವಾದ ‘ಹೂಂ’. ಅವನು ನಿಜವಾಗಿ ಬೇಕು ಅಂತಲೇ ಹಾಕಿಕೊಂಡಿದ್ದಾನೆ.

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ಮಾತನ್ನೂ ಕೇಳಬೇಕು. ಅವರದ್ದು ಹಗುರವಾದ ವಾದ ಅಲ್ಲ.

ಹಿಂದಕ್ಕೆ ಹೋಗಲು ಬಿಡದಿರೋದಕ್ಕೆ ಒಳ್ಳೇ ಕಾರಣ ಇರಬಹುದು. ಹಳೇ ಸಾಫ್ಟ್‌ವೇರ್‌ನಲ್ಲಿ ತೂತು ಇರತ್ತೆ, ಹೊಸದರಲ್ಲಿ ಮುಚ್ಚಿರ್ತಾರೆ. ಹಿಂದಕ್ಕೆ ಹೋಗಬಹುದು ಅಂದರೆ ಆ ತೂತು ಮತ್ತೆ ತೆರೆಯಬಹುದು ಅಂತ. ನನ್ನ ಫೋನ್ ಕದ್ದವನು ಅದಕ್ಕೆ ಹಳೇ ಸಾಫ್ಟ್‌ವೇರ್ ಹಾಕಿ, ಹಳೇ ತೂತಿನಿಂದ ಒಳಗೆ ಬಂದು, ಬ್ಯಾಂಕ್ ಆ್ಯಪ್ ತನಕ ತಲುಪಬಾರದು. ಅಲ್ಲಿ ಹಿಂದಿನ ಬಾಗಿಲಿಗೆ ಬೀಗ ಬೇಕು, ನನಗೂ ಬೇಕು.

ಸ್ವಿಚ್‌ನಲ್ಲಿ ಈ ಬೀಗ ಅಕ್ಷರಶಃ ಸುಟ್ಟು ಹಾಕಿದ್ದು. ಪ್ರೊಸೆಸರ್ ಒಳಗೆ ಸಣ್ಣ ಸಣ್ಣ ಫ್ಯೂಸ್‌ಗಳಿವೆ. ಕೆಲವು ಮುಖ್ಯ ಅಪ್ಡೇಟ್‌ಗಳು ಬಂದಾಗ ಅವುಗಳಲ್ಲಿ ಒಂದೊಂದು ಸುಡತ್ತೆ. ಸುಟ್ಟದ್ದನ್ನು ಮತ್ತೆ ಜೋಡಿಸಲು ಆಗಲ್ಲ. ಯಂತ್ರ ಏಳುವಾಗ ಸಿಸ್ಟಂ ಎಣಿಸತ್ತೆ. ತನಗೆ ಇರಬೇಕಾದ್ದಕ್ಕಿಂತ ಹೆಚ್ಚು ಫ್ಯೂಸ್ ಸುಟ್ಟಿದ್ದರೆ, ‘ನೀನು ಮುಂದೆ ಹೋಗಿ ಹಿಂದೆ ಬಂದವನು’ ಅಂತ ತಿಳಿದು ನಿಂತುಬಿಡತ್ತೆ. ಇದರ ವಿರುದ್ಧ ದಿಕ್ಕಿನ ತಮಾಷೆಯೂ ಅದೇ ಯಂತ್ರದಲ್ಲಿದೆ. 2018ರ ಏಪ್ರಿಲ್‌ನಲ್ಲಿ ಬಹಿರಂಗವಾದ ಫ್ಯೂಸೀ ಜೆಲೇ ಅನ್ನೋ ದೋಷ ಇದ್ದದ್ದು ಅದರ ಟೆಗ್ರಾ ಎಕ್ಸ್1 ಚಿಪ್‌ನ ಬೂಟ್ ರಾಮ್‌ನಲ್ಲಿ. ಕಾರ್ಖಾನೆಯಲ್ಲೇ ಕೆತ್ತಿ ಕಳಿಸಿದ ಕೋಡ್ ಅದು. ಮಾರಾಟವಾಗಿ ಹೋದ ಯಂತ್ರಗಳಲ್ಲಿ ಯಾವ ಅಪ್ಡೇಟೂ ಅದನ್ನು ಸರಿ ಮಾಡಲಾರದು. ಹಿಂದಕ್ಕೆ ಹೋಗಲಾರದಿರೋದು ಗ್ರಾಹಕನಿಗೆ ಮಾತ್ರ ಅಲ್ಲ, ಒಮ್ಮೊಮ್ಮೆ ಕಂಪನಿಗೂ ಅದೇ ಗತಿ.

ಹಾಗಾದರೆ ಫೋನಿನ ಬೀಗ ಸರಿ, ಕನ್ಸೋಲಿನ ಬೀಗ ತಪ್ಪು ಅಂತ ಹೇಗೆ ಹೇಳೋದು? ನನಗೆ ತೋಚುವ ಅಳತೆಗೋಲು ಒಂದೇ. ಬೀಗ ಯಾರಿಂದ ಯಾರನ್ನು ಕಾಯುತ್ತಿದೆ? ಫೋನಿನ ಬೀಗ ಕಳ್ಳನಿಂದ ನನ್ನನ್ನು ಕಾಯತ್ತೆ. ಕನ್ಸೋಲಿನ ಬೀಗ ಬಹುಮಟ್ಟಿಗೆ ನನ್ನಿಂದ ಕಂಪನಿಯನ್ನು ಕಾಯತ್ತೆ. ಕಾಯಬಾರದು ಅಂತಲ್ಲ, ಆಟ ಬರೆದವರಿಗೂ ಹೊಟ್ಟೆ ಇದೆ. ಆದರೆ ನನ್ನ ಮನೆಯೊಳಗೆ ನನ್ನ ಮೇಲೇ ಕಾವಲು ಕೂರಿಸಿ ಅದನ್ನು ‘ನಿಮ್ಮ ಭದ್ರತೆಗಾಗಿ’ ಅಂತ ಕರೆದರೆ ಅದು ಪದಗಳಿಗೆ ಮಾಡುವ ಮೋಸ.

ಆಟ ಬರೆದವರ ಹೊಟ್ಟೆಯ ವಿಷಯ ಬಂತಲ್ಲ, ಅದನ್ನೂ ಮುಚ್ಚಿಡದೇ ಮಾತಾಡೋಣ. ಕನ್ಸೋಲ್ ತಿದ್ದುವವರಲ್ಲಿ ಬಹಳ ಜನ ತಿದ್ದೋದು ಬಿಟ್ಟಿ ಆಟಕ್ಕೆ. ಈ ಆಸೆಯ ಮೇಲೇ ವ್ಯಾಪಾರ ಕಟ್ಟಿದವರಿದ್ದಾರೆ. ಸ್ವಿಚ್ ತಿದ್ದುವ ಸಾಮಾನು ಮಾರುತ್ತಿದ್ದ ಟೀಮ್ ಎಕ್ಸಿಕ್ಯೂಟರ್ ಗುಂಪಿನ ಒಬ್ಬನಿಗೆ 2022ರಲ್ಲಿ ಅಮೆರಿಕದ ಕೋರ್ಟ್ 40 ತಿಂಗಳ ಜೈಲು ಶಿಕ್ಷೆ ಕೊಟ್ಟಿತು. ಹಾಗಾಗಿ ನಮ್ಮ ಟೇಬಲ್‌ನ ಗೆಳೆಯನಿಗೆ ‘ಕಳ್ಳ’ ಅನ್ನೋ ಪದ ನಾಲಗೆಗೆ ಬಂದದ್ದರಲ್ಲಿ ಆಶ್ಚರ್ಯ ಇಲ್ಲ.

ಆದರೆ ಕದ್ದ ಆಟ ಬೇರೆ, ಯಂತ್ರದ ಬ್ಯಾಕಪ್ ಬೇರೆ. ಸ್ವಿಚ್‌ನ ಮೆಮೊರಿಯನ್ನು ಆಯಾ ಕನ್ಸೋಲ್‌ಗೇ ಮೀಸಲಾದ ಕೀಗಳಿಂದ ಎನ್‌ಕ್ರಿಪ್ಟ್ ಮಾಡಿರ್ತಾರೆ. ನನ್ನ ಬ್ಯಾಕಪ್ಪನ್ನು ನಿಮ್ಮ ಕನ್ಸೋಲ್‌ಗೆ ಹಾಕಿದರೆ ಅದು ಏಳಲ್ಲ. ನನಗೆ ಬಿಟ್ಟು ಬೇರೆ ಯಾರಿಗೂ ಉಪಯೋಗಕ್ಕೆ ಬಾರದ ಕಾಪಿ ಅದು. ಹಂಚಿಕೊಳ್ಳಲಾಗದ ವಸ್ತುವಿನಿಂದ ಯಾರ ವ್ಯಾಪಾರ ಹಾಳಾಗತ್ತೆ?

ಈ ವ್ಯತ್ಯಾಸವನ್ನು ನಮ್ಮ ಕಾನೂನು ಚೆನ್ನಾಗಿಯೇ ಗುರುತಿಸಿದೆ. ಭಾರತದ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್, ಕಾನೂನುಬದ್ಧವಾಗಿ ಪಡೆದ ಕಂಪ್ಯೂಟರ್ ಪ್ರೋಗ್ರಾಮಿನ ಬ್ಯಾಕಪ್ ಕಾಪಿಯನ್ನು ನಷ್ಟ, ನಾಶ, ಹಾನಿಯಿಂದ ರಕ್ಷಣೆಗಾಗಿ ಮಾಡಿಟ್ಟುಕೊಳ್ಳೋದು ಉಲ್ಲಂಘನೆ ಅಲ್ಲ ಅನ್ನತ್ತೆ. 2012ರ ತಿದ್ದುಪಡಿಯಲ್ಲಿ ಬಂದ 65ಎ ಸೆಕ್ಷನ್ ಡಿಜಿಟಲ್ ಬೀಗ ಒಡೆಯೋದಕ್ಕೆ ಎರಡು ವರ್ಷದ ತನಕ ಜೈಲು ಅನ್ನತ್ತೆ. ಆದರೆ ಜೊತೆಗೆ ಒಂದು ಮಾತು ಸೇರಿಸತ್ತೆ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಒಡೆದಿದ್ದರೆ ಅಂತ. ಅಮೆರಿಕದ 1998ರ ಕಾನೂನಿನ ಸ್ವಭಾವ ಬೇರೆ. ಅಲ್ಲಿ ಬೀಗ ಒಡೆಯೋದನ್ನೇ ನಿಷೇಧಿಸಿ, ಮೂರು ವರ್ಷಕ್ಕೊಮ್ಮೆ ಕೂತು ಯಾವುದಕ್ಕೆ ವಿನಾಯಿತಿ ಕೊಡೋಣ ಅಂತ ಪಟ್ಟಿ ಮಾಡ್ತಾರೆ. 2010ರಲ್ಲಿ ಫೋನುಗಳಿಗೆ ವಿನಾಯಿತಿ ಸಿಕ್ಕಿತು. 2012ರಲ್ಲಿ ಗೇಮ್ ಕನ್ಸೋಲ್‌ಗಳಿಗೂ ಕೊಡಿ ಅಂತ ಕೇಳಿದರು, ಸಿಗಲಿಲ್ಲ. ನಮ್ಮ ಕಾನೂನಿನ ಒಲವು ನನಗೆ ಹಿಡಿಸತ್ತೆ. ಅದು ಬೀಗದ ಕಡೆ ನೋಡುವ ಮುಂಚೆ ಮನುಷ್ಯನ ಕಡೆ ನೋಡತ್ತೆ.

ಉದ್ದೇಶವನ್ನು ನೋಡೋಣ ಅಂದಮೇಲೆ ಬ್ಯಾಕಪ್ ಇಟ್ಟುಕೊಂಡವರೆಲ್ಲ ಒಳ್ಳೆಯವರು ಅಂತಲೂ ಆಗಲ್ಲ. ಬ್ಯಾಕಪ್ಪಿಗೆ ಇನ್ನೊಂದು ಉಪಯೋಗ ಇದೆ. ಕೆಲವರು ತಿದ್ದುವ ಮುಂಚಿನ ‘ಕ್ಲೀನ್’ ಕಾಪಿ ತೆಗೆದಿಟ್ಟುಕೊಂಡು, ಬೇಕಾದ್ದೆಲ್ಲ ಮಾಡಿ ಮುಗಿಸಿ, ಆಮೇಲೆ ಅದನ್ನು ವಾಪಸ್ ಹಾಕಿ, ಏನೂ ಆಗಿಲ್ಲ ಅನ್ನೋ ಹಾಗೆ ಆನ್‌ಲೈನ್‌ಗೆ ಬರ್ತಾರೆ. ಕದ್ದ ಆಟ ಆಡಿದ್ದರೆ ಆ ಆಟ ಬರೆದವರ ದುಡ್ಡು ವಾಪಸ್ ಬರಲ್ಲ. ಆನ್‌ಲೈನ್ ಆಟದಲ್ಲಿ ಚೀಟ್ ಮಾಡಿದ್ದರೆ ಎದುರು ಕೂತು ಸೋತ ಹುಡುಗನ ಸಂಜೆ ವಾಪಸ್ ಬರಲ್ಲ. ನನ್ನ ಯಂತ್ರ ಹಿಂದಿನ ಸ್ಥಿತಿಗೆ ಹೋಯ್ತು ಅಂದ ಮಾತ್ರಕ್ಕೆ ನಾನು ಬೇರೆಯವರಿಗೆ ಮಾಡಿದ್ದು ಅಳಿಸಿ ಹೋಗಲ್ಲ.

ಬ್ಯಾಕಪ್‌ನ ಗಡಿ ಅಲ್ಲಿದೆ. ನನ್ನೊಬ್ಬನಿಗೆ ಸೇರಿದ್ದನ್ನು ಹಿಂದಕ್ಕೆ ತಂದುಕೊಳ್ಳುವ ಹಕ್ಕು ನನಗಿದೆ. ಇನ್ನೊಬ್ಬರ ಜೊತೆ ಸೇರಿ ಆದದ್ದನ್ನು ನಾನೊಬ್ಬನೇ ಹಿಂದಕ್ಕೆ ತರಲು ಆಗಲ್ಲ. ಅದನ್ನು ಮರೆಮಾಚಲು ಬ್ಯಾಕಪ್ ಬಳಸಿದರೆ ಆಗ ಅದು ನಿಜವಾಗಲೂ ಕನ್ನ ಹಾಕುವವನ ಹಗ್ಗವೇ. ಹೊರುವುದಕ್ಕೋ ತಪ್ಪಿಸಿಕೊಳ್ಳುವುದಕ್ಕೋ ಅನ್ನೋ ಪ್ರಶ್ನೆಗೆ ಫೈಲ್ ಉತ್ತರ ಕೊಡಲ್ಲ. ಬ್ಯಾಕಪ್ ತೆಗೆದವನ ಮುಂದಿನ ಹೆಜ್ಜೆ ಕೊಡತ್ತೆ.

ಇಷ್ಟು ತತ್ವ ಆಯ್ತು. ಒಂದು ಸಣ್ಣ ನಿಜ ಪ್ರಸಂಗ ಹೇಳ್ತೀನಿ, ಯಾಕೆಂದರೆ ಬೆಂಗಳೂರಿನಲ್ಲಿ ಈ ಪ್ರಶ್ನೆ ಬರುವ ರೀತಿ ಸ್ವಲ್ಪ ಬೇರೆ. ಸ್ವಿಚ್ ಬಂದಾಗ ಅದನ್ನು ಭಾರತದಲ್ಲಿ ಅಧಿಕೃತವಾಗಿ ಬಿಡುಗಡೆಯೇ ಮಾಡಲಿಲ್ಲ. ಇಲ್ಲಿ ಕೊಂಡವರೆಲ್ಲ ಹೊರಗಿನಿಂದ ತರಿಸಿದ್ದು, ಫಾರಿನ್‌ನಿಂದ ಬಂದ ಭಾವನ ಬ್ಯಾಗಿನಲ್ಲಿ ಬಂದದ್ದು, ಇಲ್ಲಾ ಸೆಕೆಂಡ್ ಹ್ಯಾಂಡ್. ಸರ್ವಿಸ್ ಸೆಂಟರ್ ಅನ್ನೋ ಮಾತೇ ಇಲ್ಲ. ನನ್ನ ಗೆಳೆಯ ಒಬ್ಬ ಮಗಳಿಗೆ ಅಂತ ಹಾಗೊಂದು ಸೆಕೆಂಡ್ ಹ್ಯಾಂಡ್ ತಂದಿದ್ದ. ಅದು ಮೊದಲೇ ತಿದ್ದಿದ ಯಂತ್ರ ಅಂತ ಮಾರಿದವನು ಹೇಳಿದ್ದ, ಇವನು ‘ಇರಲಿ ಬಿಡು’ ಅಂತ ತಗೊಂಡಿದ್ದ. ಮಗು ಅದರಲ್ಲಿ ಆ್ಯನಿಮಲ್ ಕ್ರಾಸಿಂಗ್ ಆಡುತ್ತಿತ್ತು. 2020ರಲ್ಲಿ ಲಾಕ್‌ಡೌನ್ ಹೊತ್ತಿಗೇ ಬಂದ ಆಟ; ಒಂದು ದ್ವೀಪ ಸಿಗತ್ತೆ, ದಿನಾ ಹೋಗಿ ಗಿಡ ನೆಡೋದು, ಮನೆ ಕಟ್ಟೋದು, ಅಷ್ಟೇ. ಎರಡು ವರ್ಷ ಕಟ್ಟಿದ ದ್ವೀಪ.

ಒಂದು ದಿನ ಗೆಳೆಯನ ಮೆಸೇಜ್: "ಮಗಾ, ಹೊಸ ಗೇಮ್ ತಂದೆ, ಅಪ್ಡೇಟ್ ಹಾಕು ಅಂತಿದೆ. ಒತ್ಲಾ?"

"ಬ್ಯಾಕಪ್ ಇದ್ಯಾ?" ಅಂದೆ.

"ಹಂಗಂದ್ರೆ?"

ಸ್ವಿಚ್‌ನಲ್ಲಿ ಸೇವ್ ಫೈಲ್ ಇರೋದು ಒಳಗಿನ ಮೆಮೊರಿಯಲ್ಲಿ, ಮೆಮೊರಿ ಕಾರ್ಡಿನಲ್ಲಿ ಅಲ್ಲ. ದುಡ್ಡು ಕಟ್ಟಿದರೆ ಎಷ್ಟೋ ಆಟಗಳ ಸೇವ್ ಕ್ಲೌಡ್‌ಗೆ ಹೋಗತ್ತೆ, ಆದರೆ ಎಲ್ಲ ಆಟಗಳಿಗೂ ಆ ಸೌಲಭ್ಯ ಇಲ್ಲ. ಒತ್ತಿ ಏನಾದರೂ ಆದರೆ ದ್ವೀಪ ಹೋಗತ್ತೆ. ಒತ್ತದಿದ್ದರೆ ಹೊಸ ಆಟ ಇಲ್ಲ. ಆ ಶನಿವಾರ ಅವನ ಮನೆಗೆ ಹೋಗಿ ಮೊದಲು ಕಾಪಿ ತೆಗೆದೆವು, ಎರಡು ಕಡೆ ಇಟ್ಟೆವು, ಆಮೇಲೆ ಅಪ್ಡೇಟ್ ಹಾಕಿದೆವು. ಏನೂ ಆಗಲಿಲ್ಲ. ಬ್ಯಾಕಪ್ ಕಥೆಗಳು ಚೆನ್ನಾಗಿ ಮುಗಿಯುವುದೇ ಹೀಗೆ, ಏನೂ ಆಗದೆ. ಮಗು ತಲೆ ಎತ್ತಿ ನೋಡಲೂ ಇಲ್ಲ.

ನನ್ನನ್ನು ಕಾಡಿದ್ದು ಬೇರೆ. ಆ ಕನ್ಸೋಲ್ ಮಾರಿದವನ ಹತ್ತಿರ ಅದರ ಹಳೇ ಬ್ಯಾಕಪ್ ಖಂಡಿತ ಇದ್ದಿರಬೇಕು. ತಿದ್ದುವಾಗ ಎಲ್ಲರೂ ಮೊದಲು ಅದನ್ನೇ ತೆಗೆಯೋದು. ಆದರೆ ಮಾರುವಾಗ ಕೊಡಬೇಕು ಅಂತ ಅವನಿಗೆ ಹೊಳೆದಿಲ್ಲ, ಕೇಳಬೇಕು ಅಂತ ಇವನಿಗೂ ಗೊತ್ತಿಲ್ಲ. ಬೈಕ್ ಮಾರುವಾಗ ಆರ್‌ಸಿ ಕೊಡ್ತೀವಿ, ಎರಡನೇ ಕೀನೂ ಕೊಡ್ತೀವಿ. ಕೊಡದೇ ಇಟ್ಟುಕೊಂಡರೆ ಅನುಮಾನ ಬರತ್ತೆ. ಇದೂ ಅದೇ ಲೆಕ್ಕ. ಕೀ ಆ ಯಂತ್ರಕ್ಕೇ ಸೇರಿದ್ದು, ಹಾಗಾಗಿ ಮಾರಿದ ಮೇಲೆ ಆ ಕಾಪಿ ಮಾರಿದವನಿಗೆ ಕಸ. ಕೊಂಡವನಿಗೆ ಅದೇ ಜೀವ. ತಿದ್ದುವ ಹಕ್ಕು ನನ್ನದು ಅಂತ ಇಷ್ಟು ಗಟ್ಟಿಯಾಗಿ ಹೇಳುವವರು, ತಿದ್ದಿದ ಯಂತ್ರವನ್ನು ಇನ್ನೊಬ್ಬರ ಕೈಗೆ ಕೊಡುವಾಗ ತಮ್ಮ ಅಕೌಂಟ್ ವಿವರ ತೆಗೆದ ಒಂದು ಶುದ್ಧ ಕಾಪಿಯನ್ನೂ, ಏನೇನು ಮಾಡಿದ್ದೀನಿ ಅನ್ನೋ ನಾಲ್ಕು ಸಾಲನ್ನೂ ಜೊತೆಗೆ ಕೊಡಬೇಕು. ಹಕ್ಕಿನ ಇನ್ನೊಂದು ತುದಿ ಅದು.

ಅದೇ ಮಾತು ನಮಗೂ ಸೇರತ್ತೆ, ಅಪ್ಡೇಟ್ ಕಳಿಸುವವರಿಗೆ. ಎಲ್ಲ ಯಂತ್ರಗಳಿಗೂ ಹಿಂದಕ್ಕೆ ಹೋಗುವ ಬಾಗಿಲು ಇಡೋಕೆ ಆಗಲ್ಲ, ಕೆಲವು ಕಡೆ ಇಡಲೂಬಾರದು, ಒಪ್ಪಿದೆ. ಆದರೆ ಸೇವ್ ಫೈಲ್ ಹೊರಗೆ ತೆಗೆದಿಟ್ಟುಕೊಳ್ಳುವ ಒಂದು ಗುಂಡಿ, ‘ಈ ಅಪ್ಡೇಟ್ ಹಾಕಿದರೆ ಇಂಥದ್ದು ಹೋಗತ್ತೆ, ವಾಪಸ್ ಬರಲ್ಲ’ ಅಂತ ನೇರವಾಗಿ ಹೇಳುವ ಒಂದು ಸಾಲು, ಇಷ್ಟಕ್ಕೆ ಯಾವ ಭದ್ರತೆಯೂ ಅಡ್ಡ ಬರಲ್ಲ. ‘ಸ್ಥಿರತೆಯಲ್ಲಿ ಸುಧಾರಣೆ’ ಅಂತ ಎರಡು ಪದ ಬರೆದು ಕೈ ತೊಳೆದುಕೊಳ್ಳೋದು ಬಿಟ್ಟರೆ ಸಾಕು.

ಮುಂದಿನ ರಿಲೀಸ್ ಮೀಟಿಂಗಲ್ಲಿ ಯಾರಾದರೂ "ರೋಲ್‌ಬ್ಯಾಕ್ ಪ್ಲಾನ್ ಏನು?" ಅಂತ ಕೇಳಿದಾಗ, ನಮ್ಮ ಸರ್ವರ್‌ನ ಉತ್ತರ ಹೇಳಿ ಮುಗಿಸಿದ ಮೇಲೆ ಒಂದು ನಿಮಿಷ ತಡೆದು ಇನ್ನೊಂದು ಪ್ರಶ್ನೆ ಕೇಳಿ ನೋಡಿ: "ಇದನ್ನು ಹಾಕಿಕೊಳ್ಳುವವರದ್ದು?" ಮೀಟಿಂಗ್ ಹತ್ತು ನಿಮಿಷ ಉದ್ದ ಆಗಬಹುದು. ಆಗಲಿ.